ಬೆವರು ಆರಿದರಷ್ಟೇ ತಂಪು

ಮಣ್ಣಿನ ಗಡಿಗೆಯ ನೀರು ಕಲಬುರಗಿಯ ಏಪ್ರಿಲ್‌ನಲ್ಲಿ ಚೆನ್ನಾಗಿ ತಣಿಯುತ್ತದೆ, ಮಂಗಳೂರಿನ ಮಳೆಗಾಲದಲ್ಲಿ ಅಷ್ಟಾಗಿ ತಣಿಯದು. ಗಡಿಗೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಶಾಖವನ್ನು ಹೊತ್ತೊಯ್ಯುತ್ತದೆ. ಗಾಳಿಯಲ್ಲೇ ತೇವ ತುಂಬಿದ್ದರೆ ಆವಿಯಾಗುವುದು ನಿಧಾನ. ನಮ್ಮ ಮೈಯದ್ದೂ ಇದೇ ಲೆಕ್ಕ.

ಮೆದುಳಿನ ಹೈಪೋಥಲಾಮಸ್ ದೇಹದ ಒಳಶಾಖವನ್ನು ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯುತ್ತದೆ. ಶಾಖ ಏರತೊಡಗಿದರೆ ಚರ್ಮದ ರಕ್ತನಾಳಗಳು ಹಿಗ್ಗಿ, ಒಳಗಿನ ಶಾಖ ಚರ್ಮದಿಂದ ಗಾಳಿಗೆ ದಾಟುತ್ತದೆ. ಬಿಸಿಲಲ್ಲಿ ಮುಖ ಕೆಂಪೇರುವುದು ಅದಕ್ಕೇ. ಗಾಳಿಯ ಬಿಸಿ 35 ಡಿಗ್ರಿ ದಾಟಿ ಚರ್ಮವನ್ನೂ ಮೀರಿಸಿತೆಂದರೆ ಆ ದಾರಿ ಬಂದ್, ಉಳಿಯುವುದು ಬೆವರೊಂದೇ. ಒಂದು ಲೀಟರ್ ಬೆವರು ಮೈಮೇಲೆಯೇ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೋಗುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ದಂಡ: ನೀರೂ ಉಪ್ಪೂ ಖರ್ಚು, ತಂಪು ಮಾತ್ರ ಇಲ್ಲ.

ಆದ್ದರಿಂದ ಬಿಸಿಲಲ್ಲಿ ದುಡಿಯುವಾಗ ಸಡಿಲವಾದ ಹತ್ತಿ ಬಟ್ಟೆ ತೊಡಿ. ಬಾಯಾರಿಕೆಗೆ ಕಾಯದೆ 15–20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಿರಿ. ತುಂಬಾ ಬೆವರಿದ್ದರೆ ಬರೀ ನೀರು ಸಾಲದು. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕದಡಿ. ಚಮಚ ಗೋಪುರವಾಗಿರದೆ ಮಟ್ಟಸವಾಗಿರಲಿ. ಉಪ್ಪು ಹಾಕಿದ ನೀರುಮಜ್ಜಿಗೆಯೂ ಆದೀತು. ಹೊಸ ಆಳಿಗೆ ಮೊದಲ ದಿನವೇ ಪೂರ್ತಿ ಕೆಲಸ ಹಚ್ಚಬೇಡಿ, ಮೈ ಬಿಸಿಲಿಗೆ ಒಗ್ಗಲು ಒಂದೆರಡು ವಾರ ಬೇಕು.

ಮಾತು ತೊದಲಿ, ಏನೇನೋ ಬಡಬಡಿಸಿ, ಮೈ ಕೆಂಡವಾಗಿದ್ದರೆ ಅದು ಬಿಸಿಲಾಘಾತ. ಒಳಶಾಖ 40 ಡಿಗ್ರಿ ಮುಟ್ಟಿರುತ್ತದೆ. ಬೆವರು ಇನ್ನೂ ಬರುತ್ತಿದೆಯಲ್ಲ ಎಂದು ಸುಮ್ಮನಿರಬೇಡಿ, ದುಡಿಯುತ್ತಲೇ ಕುಸಿದವರ ಮೈ ಒದ್ದೆಯಾಗಿಯೇ ಇರಬಹುದು. 108ಕ್ಕೆ ಕರೆ ಮಾಡಿ, ಆದರೆ ಗಾಡಿ ಬರುವವರೆಗೆ ಕೈಕಟ್ಟಿ ಕೂರಬೇಡಿ. ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿಯುತ್ತಾ ಬೀಸಿ. ಕರಾವಳಿಯ ಸೆಕೆಯಲ್ಲಿ ಬೀಸಿದರೆ ಹೆಚ್ಚು ಪ್ರಯೋಜನವಿಲ್ಲ. ಅಲ್ಲಿ ತಣ್ಣೀರನ್ನು ಎಡೆಬಿಡದೆ ಸುರಿಯಬೇಕು, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಬೇಕು. ಒದ್ದೆ ಟವೆಲ್ ಹೊದಿಸಿ ಮರೆತರೆ ಅದೇ ಬಿಸಿಯಾಗಿ ಕಂಬಳಿಯಂತಾಗುತ್ತದೆ, ಆಗಾಗ ಬದಲಿಸಿ.

ಪ್ಯಾರಾಸಿಟಮಾಲ್ ಬೇಡ. ಜ್ವರದಲ್ಲಿ ಮೆದುಳು ತಾನೇ 37ರ ಗುರುತನ್ನು ಮೇಲಕ್ಕೆ ಸರಿಸಿರುತ್ತದೆ, ಚಳಿ ನಡುಕ ಬರುವುದು ಅದರಿಂದಲೇ. ಮಾತ್ರೆ ಆ ಗುರುತನ್ನು ಇಳಿಸುತ್ತದೆ. ಬಿಸಿಲಾಘಾತದಲ್ಲಿ ಗುರುತು ಇದ್ದಲ್ಲೇ ಇದೆ, ಮಾತ್ರೆಗೆ ಇಳಿಸಲು ಏನೂ ಇಲ್ಲ. ಎಚ್ಚರ ತಪ್ಪಿದವರ ಬಾಯಿಗೆ ನೀರನ್ನೂ ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿದೀತು.