ಚಂದ್ರತಾಲ್‌ಗೆ ನಾವು ಹಿಡಿದ ಸುತ್ತುದಾರಿ

ಮನಾಲಿಯಿಂದ ಹಿಮಾಚಲದ ಚಂದ್ರತಾಲ್ ಸರೋವರಕ್ಕೆ ಒಂದೇ ದಿನದಲ್ಲಿ ಹೋಗಬಹುದು. ಹಾಗೆ ಹೋಗಬೇಡಿ ಅಂತ ಮೊದಲೇ ಹೇಳಿಬಿಡುತ್ತೇನೆ.

ಮನಾಲಿ ಇರುವುದು ಸುಮಾರು 2,050 ಮೀಟರ್ ಎತ್ತರದಲ್ಲಿ. ಸ್ಪಿತಿ ಕಣಿವೆ ಕಡೆಯ ಈ ಸರೋವರ 4,300 ಮೀಟರ್ ಹತ್ತಿರ. ಬೆಳಿಗ್ಗೆ ಕೆಳಗೆ ತಿಂಡಿ ತಿಂದು ರಾತ್ರಿ ಅಷ್ಟು ಮೇಲೆ ಮಲಗಿದರೆ ಮೈ ಒಗ್ಗುವುದಿಲ್ಲ. ನಮ್ಮ ಚಿಕ್ಕಬಳ್ಳಾಪುರ 900 ಮೀಟರ್ ಚಿಲ್ಲರೆ, ನಂದಿ ಬೆಟ್ಟದ ತುದಿ 1,478. 4,300ರಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ನೂರಕ್ಕೆ 60ರಷ್ಟು ಮಾತ್ರ. ವಯಸ್ಸು ಚಿಕ್ಕದು, ಕಸರತ್ತು ಮಾಡಿದ ಮೈ ಅಂದರೂ ಇದರಿಂದ ತಪ್ಪಿಸಿಕೊಳ್ಳಲಾಗಲ್ಲ. ನಿಧಾನಕ್ಕೆ ಹತ್ತಬೇಕು, ಅಷ್ಟೇ.

ಅದಕ್ಕೇ ನಾವು ಶಿಮ್ಲಾ, ಕಿನ್ನೌರ್ ಮೇಲೆ ದೊಡ್ಡ ಸುತ್ತು ಹಾಕಿ ಹೋದೆವು. ನಾನು, ನನ್ನ ಭಾವ, ಒಬ್ಬ ಗೆಳೆಯ. ನಮ್ಮದೇ ಕಾರು. ಊರ ಪಕ್ಕದಲ್ಲೇ ಹಾದುಹೋಗುವ 44ನೇ ಹೆದ್ದಾರಿ ಹೈದರಾಬಾದ್, ನಾಗಪುರ, ಝಾನ್ಸಿ, ದೆಹಲಿ ದಾಟಿ ಅಂಬಾಲಾಕ್ಕೆ ಕರೆದುಕೊಂಡು ಹೋಗುತ್ತದೆ. ದಾರಿ ಕೇಳುವ ಗೋಜೇ ಇಲ್ಲ. ಮೂವರೂ ಬದಲಾಯಿಸಿಕೊಂಡು ಓಡಿಸಿದೆವು, ಕತ್ತಲಾದ ಮೇಲೆ ಓಡಿಸಲಿಲ್ಲ. ಹೊರಟಿದ್ದು ಸೆಪ್ಟೆಂಬರಿನಲ್ಲಿ. ಜುಲೈ, ಆಗಸ್ಟ್‌ನಲ್ಲಿ ಕಿನ್ನೌರ್ ಕಡೆ ಮಳೆಗೆ ಗುಡ್ಡ ಕುಸಿಯುವುದು ಜಾಸ್ತಿ. ಅಕ್ಟೋಬರ್ ಕಳೆದರೆ ದಾರಿಯಲ್ಲಿ ದಾಟಬೇಕಾದ ಎತ್ತರದ ಘಾಟಿ ಕುಂಜುಮ್ ಪಾಸ್ ಹಿಮದಲ್ಲಿ ಮುಚ್ಚಿಹೋಗುತ್ತದೆ.

ಹೊರಡುವ ಮುಂಚೆ ತಿಂಗಳುಗಟ್ಟಲೆ ಸುಲ್ತಾನ್‌ಪೇಟೆ ಕಡೆಯಿಂದ ನಂದಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿದೆವು, ಬೆನ್ನಿಗೆ ಚೀಲ ಹಾಕಿಕೊಂಡೇ. ಇಳಿಯುವುದನ್ನು ಬಿಡಬೇಡಿ. ಮಂಡಿ ಗಟ್ಟಿಯಾಗುವುದು ಇಳಿಯುವಾಗಲೇ. ಆದರೆ ಒಂದು ಮಾತು: ಈ ಅಭ್ಯಾಸದಿಂದ ಕಾಲು ಪಳಗುತ್ತದೆ, ಎತ್ತರಕ್ಕೆ ಮೈ ಪಳಗುವುದಿಲ್ಲ. ಅದು ಅಲ್ಲೇ ಆಗಬೇಕು.

ನಾವು ಇಟ್ಟುಕೊಂಡ ಲೆಕ್ಕ ಇದು. 3,000 ಮೀಟರ್ ದಾಟಿದ ಮೇಲೆ, ರಾತ್ರಿ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು. ಹಗಲು ಇನ್ನೂ ಮೇಲೆ ಹೋಗಿಬಂದರೂ ಪರವಾಗಿಲ್ಲ, ಮಲಗುವುದು ಕೆಳಗಿರಬೇಕು. ದಾರಿಯ ಊರುಗಳಲ್ಲಿ ನಾರ್ಕಂಡಾ ಸುಮಾರು 2,700, ಕಲ್ಪಾ 2,900ರ ಹತ್ತಿರ, ಅಲ್ಲಿಂದ ನಾಕೋ 3,600 ಚಿಲ್ಲರೆ. ಈ ಕೊನೆಯ ಜಿಗಿತ ಲೆಕ್ಕ ಮೀರುತ್ತದೆ ಅಂತ ಗೊತ್ತಿತ್ತು. ಹಾಗಾಗಿ ನಾಕೋ ನೋಡಿಕೊಂಡು ಕೆಳಗಿನ ತಾಬೋದಲ್ಲಿ ಮಲಗುವುದು ಅಂತ ಮೊದಲೇ ನಿರ್ಧಾರ ಮಾಡಿದ್ದೆವು. ನಾಕೋದಲ್ಲಿ ಭಾವನಿಗೆ ತಲೆನೋವು ಶುರುವಾಯಿತು. "ಏನಿಲ್ಲ ಬಿಡಪ್ಪಾ, ಬಿಸಿಲಿಗೆ" ಅಂದರು. "ಬಿಸಿಲಲ್ಲ ಭಾವ, ನಡೀರಿ ಕೆಳಗೆ" ಅಂತ ಹೊರಡಿಸಿದೆ. ತಾಬೋ 3,280ರಲ್ಲಿದೆ. ರಾತ್ರಿ ಊಟದ ಹೊತ್ತಿಗೆ ಅವರೇ ಎರಡನೇ ಸಲ ಅನ್ನ ಹಾಕಿಸಿಕೊಂಡರು. ತಲೆನೋವಿನ ಜೊತೆ ವಾಂತಿ, ತೂರಾಡುವಂಥ ನಡಿಗೆ ಕಂಡರೆ ಮಾತ್ರೆ ನುಂಗಿ ಕಾಯಬಾರದು, ತಕ್ಷಣ ಕೆಳಗಿಳಿಯಬೇಕು. ಎತ್ತರದ ಕಾಯಿಲೆ ಬಾರದಿರಲಿ ಅಂತ ಕೊಡುವ ಡಯಾಮಾಕ್ಸ್ ಮಾತ್ರೆ ಬಗ್ಗೆ ಹೊರಡುವ ಮುಂಚೆಯೇ ಡಾಕ್ಟರ್ ಹತ್ತಿರ ಮಾತಾಡಿ. ಸಲ್ಫಾ ಔಷಧಿ ಅಲರ್ಜಿ ಇದ್ದವರಂತೂ ಕೇಳದೆ ತೆಗೆದುಕೊಳ್ಳಲೇಬಾರದು.

ತಾಬೋದ ಬೌದ್ಧ ಮಠ 996ರಲ್ಲಿ ಕಟ್ಟಿದ್ದು. ಮಣ್ಣಿನ ಗೋಡೆ, ಒಳಗೆ ಕತ್ತಲೆ, ಆ ಕತ್ತಲೆಯಲ್ಲಿ ಸಾವಿರ ವರ್ಷದ ಚಿತ್ರಗಳು. ಅವಸರದಲ್ಲಿ ಹೋಗುವವರು ಇದನ್ನೆಲ್ಲ ಬಿಟ್ಟು ಹೋಗುತ್ತಾರಲ್ಲ ಅಂತ ನನಗೆ ಬೇಜಾರು.

ಸ್ಪಿತಿಯ ಮುಖ್ಯ ಪಟ್ಟಣ ಕಾಜಾದಲ್ಲಿ ತಂಗಿ ಸುತ್ತಲಿನ ಎತ್ತರದ ಊರುಗಳಿಗೆ ಹಗಲು ಹೋಗಿಬಂದೆವು. ಕೋಮಿಕ್ 4,500 ದಾಟಿದೆ. ಅಲ್ಲಿ ಕಾರಿನ ಡಿಕ್ಕಿ ತೆಗೆದರೆ, ಊರಿಂದ ತಂದಿದ್ದ ನಿಪ್ಪಟ್ಟಿನ ಪ್ಯಾಕೆಟ್ ಒಡೆಯುವ ಹಾಗೆ ಉಬ್ಬಿಕೊಂಡಿತ್ತು. ಹೊರಗಿನ ಗಾಳಿಯ ಒತ್ತಡ ಕಡಿಮೆ ಅಲ್ವಾ, ಒಳಗಿನದು ಹಿಗ್ಗುತ್ತದೆ. ಕಾರಿಗೂ ಉಸಿರು ಸಾಲದು, ಏರಿನಲ್ಲಿ ಒಂದು ಗೇರ್ ಕೆಳಗೇ ಓಡಬೇಕು. ಕಾಜಾ ಬಂಕಿನಲ್ಲಿ ಟ್ಯಾಂಕ್ ಪೂರ್ತಿ ತುಂಬಿಸಿ. ಮುಂದೆ ಮನಾಲಿ ದಾರಿಯಲ್ಲಿ ಬಂಕಿಗೆ ಬಹಳ ದೂರ.

ನಾವು ಉಳಿದ ಮನೆಯಲ್ಲಿ ವಯಸ್ಸಾದ ತಾಯಿಯೊಬ್ಬರು ಹುರಿದ ಬಾರ್ಲಿ ಹಿಟ್ಟನ್ನು ಉಪ್ಪು ಬೆಣ್ಣೆಯ ಚಹಾದಲ್ಲಿ ಕಲಸಿ ಕೊಟ್ಟರು. ಅವರು ಅದಕ್ಕೆ ಸಂಪಾ ಅನ್ನುತ್ತಾರೆ. ನಾವು ನಮ್ಮ ರಾಗಿ ಹುರಿಹಿಟ್ಟು, ಬೆಲ್ಲ ತೆಗೆದು ಕಲಸಿ ಅವರ ಅಂಗೈಗಿಟ್ಟೆವು. ಬಾಯಿಗೆ ಹಾಕಿಕೊಂಡು ನಕ್ಕು ಇನ್ನೊಂದು ಉಂಡೆ ಕೇಳಿದರು. ಹುರಿಹಿಟ್ಟು ತಪ್ಪದೆ ಒಯ್ಯಿರಿ. ಬೇಯಿಸುವ ಕೆಲಸ ಇಲ್ಲ, ಎತ್ತರದಲ್ಲಿ ಅನ್ನ ಬೇಯುವುದೂ ಕಷ್ಟ.

ಇನ್ನು ನಡಿಗೆ. ಬಹಳ ಜನ ಸರೋವರದ ಹತ್ತಿರದವರೆಗೂ ಗಾಡಿಯಲ್ಲೇ ಹೋಗಿ, ಕೊನೆಯ ಒಂದು ಕಿಲೋಮೀಟರ್ ಮಾತ್ರ ನಡೆಯುತ್ತಾರೆ. ನಾವು ಕುಂಜುಮ್ ಪಾಸ್‌ನಲ್ಲಿ ಇಳಿದೆವು, ಸುಮಾರು 4,550 ಮೀಟರ್. ಅಲ್ಲಿರುವ ದೇವಿಗೆ ಕೈ ಮುಗಿದು ನಾನೂ ಗೆಳೆಯನೂ ನಡೆಯಲು ಶುರು ಮಾಡಿದೆವು. ಭಾವ ಕಾರು ತೆಗೆದುಕೊಂಡು ಬಾತಲ್ ಕಡೆಯ ರಸ್ತೆಯಿಂದ ಕ್ಯಾಂಪಿಗೆ ಬಂದರು. ಕಾಲುದಾರಿ ಒಂಬತ್ತು ಕಿಲೋಮೀಟರ್ ಇರಬಹುದು. ಕಡಿದಾದ ಏರಿಲ್ಲ, ಗುಡ್ಡದ ಪಕ್ಕೆಯಲ್ಲೇ ಸಾಗುತ್ತದೆ. ಎಡಕ್ಕೆ ಆಳದಲ್ಲಿ ಚಂದ್ರಾ ನದಿ, ಅದರಾಚೆ ಹಿಮದ ಸಾಲು. ಒಂದೇ ಒಂದು ಮರ ಇಲ್ಲ. ನೆರಳಿಲ್ಲದ ಬಿಸಿಲು, ಚರ್ಮ ಸುಡುತ್ತದೆ. ಮಧ್ಯಾಹ್ನದ ಮೇಲೆ ಗಾಳಿ ಎದ್ದರೆ ನಿಲ್ಲುವುದಕ್ಕೂ ಬಿಡಲ್ಲ. ಅದಕ್ಕೆ ಬೆಳಿಗ್ಗೆ ಬೇಗ ಕಾಜಾ ಬಿಟ್ಟು, ಲೋಸರ್‌ನಲ್ಲಿ ತಿಂಡಿ ಮುಗಿಸಿ, ಬಿಸಿಲೇರುವ ಮುಂಚೆಯೇ ಹೆಜ್ಜೆ ಹಾಕಬೇಕು. ನೂರು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದೆವು. ಮಾತಾಡುತ್ತಾ ನಡೆಯಲು ಆಗುತ್ತಿಲ್ಲ ಅಂದರೆ ವೇಗ ಜಾಸ್ತಿಯಾಯಿತು ಅಂತ ಅರ್ಥ.

ಒಂದು ದಿಣ್ಣೆ ದಾಟಿದ ಕೂಡಲೇ ನೀರು ಕಂಡಿತು. ಕೆರೆ ಸೀಮೆಯವರು ನಾವು. ನೀರು ಕಂಡರೆ ಏರಿ ಎಲ್ಲಿ, ತೂಬು ಎಲ್ಲಿ, ಕೋಡಿ ಎಲ್ಲಿ ಅಂತ ಕಣ್ಣು ಹುಡುಕುತ್ತದೆ. ಇಲ್ಲಿ ಏರಿ ಇಲ್ಲ, ತೂಬು ಇಲ್ಲ, ಯಾರೂ ಕಟ್ಟಿದ್ದಲ್ಲ. ದಡದ ಸುತ್ತ ನಡೆದೆವು, ಎರಡೂವರೆ ಕಿಲೋಮೀಟರ್ ಸುತ್ತು. ಒಳಗೆ ಬರುವ ದೊಡ್ಡ ಹಳ್ಳ ಎಲ್ಲೂ ಕಾಣಲಿಲ್ಲ, ಹೊರಗೆ ಹೋಗುವ ಹರಿವು ಮಾತ್ರ ಇದೆ. ನೆಲದೊಳಗಿಂದ ಒಸರುವ ನೀರೇ ಇದನ್ನು ತುಂಬಿಸುತ್ತದೆ ಅನ್ನುತ್ತಾರೆ. ಆ ಹರಿವು ಚಂದ್ರಾ ನದಿಗೆ ಸೇರುತ್ತದೆ. ಚಂದ್ರಾ ಮುಂದೆ ತಾಂಡಿಯಲ್ಲಿ ಭಾಗಾ ಜೊತೆ ಕೂಡಿ ಚೆನಾಬ್ ಆಗುತ್ತದೆ. ದಡದ ಹತ್ತಿರ ತಳದ ಒಂದೊಂದು ಕಲ್ಲೂ ಎಣಿಸಬಹುದು, ಸ್ವಲ್ಪ ಮುಂದೆ ತಿಳಿಹಸಿರು, ನಡುವೆ ಕಡುನೀಲಿ.

2005ರಿಂದ ಇದು ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಯಲ್ಲಿದೆ. ದಡದಲ್ಲಿ ಟೆಂಟ್ ಹಾಕುವಂತಿಲ್ಲ, ಕ್ಯಾಂಪುಗಳೆಲ್ಲ ದೂರದಲ್ಲಿವೆ. ಇದು ತುಂಬಾ ಒಳ್ಳೆಯ ನಿಯಮ. ದಯವಿಟ್ಟು ನೀರಿಗಿಳಿದು ಸ್ನಾನ ಮಾಡಬೇಡಿ, ಸೋಪು ಹಚ್ಚಬೇಡಿ. ನಮ್ಮೂರ ಕೆರೆಗಳಿಗೆ ಏನಾಯಿತು ಅಂತ ನಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?

ವಾಪಸ್ ಬರುವಾಗ ಬಾತಲ್, ಛತ್ರು ದಾರಿ. ನಾವು ಹೋದಾಗ ಬರೀ ಕಲ್ಲು, ನಡುನಡುವೆ ಹಳ್ಳ. ಬಿಸಿಲೇರಿದ ಹಾಗೆ ಹಿಮ ಕರಗಿ ಈ ಹಳ್ಳಗಳು ತುಂಬಿಕೊಳ್ಳುತ್ತವೆ, ಮಧ್ಯಾಹ್ನ ದಾಟುವುದು ಅಪಾಯ. ಬೆಳಿಗ್ಗೆ ಆರಕ್ಕೇ ಹೊರಟೆವು. ಒಬ್ಬರು ಇಳಿದು ಕೋಲಿನಿಂದ ಆಳ ನೋಡುವುದು, ಎದುರು ದಡಕ್ಕೆ ಹೋಗಿ ನಿಂತು ದಾರಿ ತೋರಿಸುವುದು. ಓಡಿಸುವವರು ಫಸ್ಟ್ ಗೇರಿನಲ್ಲಿ, ಕ್ಲಚ್ ಒತ್ತದೆ, ನಡುವೆ ನಿಲ್ಲಿಸದೆ ಒಂದೇ ಹದದಲ್ಲಿ ದಾಟುವುದು. ಗ್ರಾಂಫು ಸೇರಿದ ಮೇಲೆ ಒಳ್ಳೆಯ ರಸ್ತೆ. ಕೋಕ್ಸರ್ ದಾಟಿ, ಒಂಬತ್ತು ಕಿಲೋಮೀಟರ್ ಉದ್ದದ ಅಟಲ್ ಸುರಂಗ ಹೊಕ್ಕರೆ ಮನಾಲಿ ಕಡೆಗೆ ಹೊರಬರುತ್ತೀರಿ.