ಕತ್ತಿ ನುಂಗುವವನು ಕಲಿಸಿದ ಕತ್ತರಿ ಕೆಲಸ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಕಟಿಂಗ್ ಮಾಡುತ್ತಾ ನನಗೆ 22 ವರ್ಷವಾಯಿತು. ಒಂದು ದಿನ ಮಗಳು ಒಂದು ಚಿತ್ರ ತೋರಿಸಿದಳು. ಒಬ್ಬ ಮನುಷ್ಯ ತಲೆಯನ್ನು ಪೂರ್ತಿ ಹಿಂದಕ್ಕೆ ಬಾಗಿಸಿ ಬಾಯಿ ತೆರೆದಿದ್ದಾನೆ, ಬಾಯಲ್ಲಿ ಮೂರು ಕತ್ತಿ. ನೋಡಿದ ಕೂಡಲೇ ಗೊತ್ತಾಯಿತು, ಇದು ಬ್ರಷ್ಷಿನ ಗೆರೆ ಅಲ್ಲ, ಕತ್ತರಿಯ ಗೆರೆ.

ಅದು ಫ್ರಾನ್ಸಿನ ಚಿತ್ರಕಾರ ಹೆನ್ರಿ ಮಾಟಿಸ್ ಮಾಡಿದ ‘ಕತ್ತಿ ನುಂಗುವವನು’. 1947ರಲ್ಲಿ ಬಂದ ‘ಜಾಝ್’ ಎಂಬ ಪುಸ್ತಕದ 20 ಚಿತ್ರಗಳಲ್ಲಿ ಒಂದು. ಆ ಪುಸ್ತಕಕ್ಕೆ ಮೊದಲು ‘ಸರ್ಕಸ್’ ಎಂದೇ ಹೆಸರಿಡಬೇಕೆಂದಿತ್ತು. 1941ರಲ್ಲಿ ದೊಡ್ಡ ಆಪರೇಷನ್ ಆದ ಮೇಲೆ ಮಾಟಿಸ್‌ಗೆ ತುಂಬಾ ಹೊತ್ತು ನಿಂತು ಕೆಲಸ ಮಾಡಲು ಆಗುತ್ತಿರಲಿಲ್ಲ. ಸಹಾಯಕರು ಕಾಗದಕ್ಕೆ ಬಣ್ಣ ಬಳಿದು ಕೊಡುತ್ತಿದ್ದರು, ಮಾಟಿಸ್ ಕೂತಲ್ಲೇ ಕತ್ತರಿಸುತ್ತಿದ್ದರು. ಅವರು ಬೆಳೆದ ಬೊಹೆಂ ಕೂಡ ನೇಕಾರರ ಊರು. ಇದು ತಿಳಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

ಆ ಚಿತ್ರಗಳನ್ನು ಅಚ್ಚು ಹಾಕಿದ್ದು ಸ್ಟೆನ್ಸಿಲ್‌ನಲ್ಲಿ, ಅಂದರೆ ಆಕಾರ ಕತ್ತರಿಸಿ ತೆಗೆದ ಹಾಳೆಯ ತೂತಿನ ಮೂಲಕ ಬಣ್ಣ ಹಚ್ಚಿ. ಬಣ್ಣಕ್ಕೊಂದು ಸ್ಟೆನ್ಸಿಲ್. ಮಷೀನು ಬೇಡ. ನೀವೂ ಮನೆಯಲ್ಲಿ ಒಬ್ಬ ಸರ್ಕಸ್ ಆಟಗಾರನನ್ನು ಹೀಗೆ ಮಾಡಬಹುದು.

ಮೊದಲು ಆಟಗಾರನ ಮೈಯಲ್ಲಿ ಭಾರ ಎಲ್ಲಿದೆ ಅಂತ ನೋಡಿ. ಕತ್ತಿ ನುಂಗುವವನಿಗೆ ಅದು ಕುತ್ತಿಗೆಯಲ್ಲಿದೆ. ನಾನು ಆರಿಸಿಕೊಂಡಿದ್ದು ಹಗ್ಗದ ಮೇಲೆ ನಡೆಯುವ ಹುಡುಗಿಯನ್ನು. ಚಿಕ್ಕವನಿದ್ದಾಗ ದುರ್ಗಮ್ಮನ ಸಿಡಿಬಂಡಿ ಜಾತ್ರೆಯಲ್ಲಿ ಅಂಥ ಆಟ ನೋಡಿದ್ದೆ. ಆ ಮಗುವಿನ ಮುಖ ಮರೆತಿದ್ದೇನೆ. ಕಾಲಿನ ಹೆಬ್ಬೆರಳು ಮಾತ್ರ ಕಣ್ಣಿಗೆ ಕಟ್ಟಿದೆ. ಧೂಳು ಮೆತ್ತಿದ ಆ ಬೆರಳು ಹಗ್ಗವನ್ನು ಗಿಣಿಯ ಉಗುರಿನ ಹಾಗೆ ಹಿಡಿದಿತ್ತು. ಹಾಗಾಗಿ ನನ್ನ ಚಿತ್ರದಲ್ಲಿ ಪಾದ ತಲೆಗಿಂತ ದೊಡ್ಡದು. ಭಾರ ಇರುವ ಕಡೆಯಿಂದಲೇ ಕತ್ತರಿಸಲು ಶುರು ಮಾಡಿ.

ಪೆನ್ಸಿಲ್ ಮುಟ್ಟಬೇಡಿ. ಪೋಸ್ಟರ್ ಕಲರ್ ಬಳಿದು ಒಣಗಿಸಿದ ಹಾಳೆಯನ್ನೇ ನೇರವಾಗಿ ಕತ್ತರಿಸಿ. ಬಟ್ಟೆಗಾದರೆ ಕತ್ತರಿ ತಿರುಗುತ್ತದೆ, ಬಟ್ಟೆ ಅಲುಗಬಾರದು. ಕಾಗದಕ್ಕೆ ಇದು ಉಲ್ಟಾ. ಕತ್ತರಿ ಹಿಡಿದ ಕೈ ಒಂದೇ ಕಡೆ ಇರಲಿ, ಇನ್ನೊಂದು ಕೈ ಕಾಗದ ತಿರುಗಿಸಲಿ. ಅಲಗಿನ ತುದಿಯಲ್ಲಿ ಅಲ್ಲ, ಒಳಗಿನ ಭಾಗದಲ್ಲಿ ಕತ್ತರಿಸಿ, ಮಧ್ಯದಲ್ಲಿ ಪೂರ್ತಿ ಮುಚ್ಚಬೇಡಿ. ಮುಚ್ಚಿದ ಕಡೆಯೆಲ್ಲ ಗೆರೆಯಲ್ಲಿ ಸಣ್ಣ ಹಲ್ಲು ಮೂಡುತ್ತದೆ. ಇನ್ನೊಂದು ಮಾತು, ಬಟ್ಟೆಯ ಕತ್ತರಿಯನ್ನು ಇದಕ್ಕೆ ತರಬೇಡಿ. ಕಾಗದ ಕತ್ತರಿಸಿದರೆ ಅದು ಮೊಂಡಾಗುತ್ತದೆ.

ತುಂಡುಗಳನ್ನು 10×12 ಇಂಚಿನ ಬಿಳಿ ಹಾಳೆಯ ಮೇಲೆ ಜೋಡಿಸಿ. ಉಳಿದ ಚಿಂದಿಯನ್ನೂ ಇಟ್ಟು ನೋಡಿ. ನನ್ನ ಹುಡುಗಿಯ ಲಂಗ ಬಂದಿದ್ದು ಚಿಂದಿಯಿಂದಲೇ. ಮನಸ್ಸಿಗೆ ಒಪ್ಪಿದ ಮೇಲೆ ಅಂಟಿಸಿ.

ಸ್ಟೆನ್ಸಿಲ್‌ಗೆ ಹಳೆ ಎಕ್ಸ್‌ರೇ ಹಾಳೆಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ನೆನೆಯುವುದಿಲ್ಲ, ಹರಿಯುವುದಿಲ್ಲ. ನಾನು ಬಳಸಿದ್ದು ಅಮ್ಮನ ಮೊಣಕಾಲಿನ ಎಕ್ಸ್‌ರೇ. ಎಕ್ಸ್‌ರೇಯನ್ನೂ 10×12 ಇಂಚಿಗೆ ಕತ್ತರಿಸಿಕೊಳ್ಳಿ. ಮಣೆಯ ಮೇಲೆ ಎರಡು ರಟ್ಟಿನ ಪಟ್ಟಿಯನ್ನು ಮೂಲೆಗೆ ಸರಿಯಾಗಿ ಅಂಟಿಸಿ. ಆ ಮೂಲೆಗೆ ಒತ್ತಿ ಎಕ್ಸ್‌ರೇ ಇಡಿ, ಮೇಲೆ ಜೋಡಿಸಿದ ಚಿತ್ರ ಇಡಿ, ಒಂದು ಬಣ್ಣದ ಅಂಚಿನುದ್ದಕ್ಕೂ ದಪ್ಪ ಸೂಜಿಯಿಂದ ಚುಚ್ಚುತ್ತಾ ಹೋಗಿ. ಆ ಚುಕ್ಕೆಗಳ ಮೇಲೆ ಬ್ಲೇಡ್ ಓಡಿಸಿ. ಪ್ರತಿ ಬಣ್ಣಕ್ಕೂ ಬೇರೆ ಹಾಳೆ. ಕಣ್ಣಿನಂಥ ಒಳಗಿನ ತುಂಡು ಕತ್ತರಿಸಿದರೆ ಉದುರಿಹೋಗುತ್ತದೆ, ಅದಕ್ಕೆ ಕಣ್ಣನ್ನು ಕಪ್ಪು ಬಣ್ಣಕ್ಕಿಟ್ಟ ಸ್ಟೆನ್ಸಿಲ್‌ನಲ್ಲಿ ಕತ್ತರಿಸಿ.

ಬಣ್ಣ ಹಚ್ಚುವುದರಲ್ಲೇ ಜಾಸ್ತಿ ಕೆಡುವುದು. ನಾನು ಮೊದಲು ಕತ್ತಿ ನುಂಗುವವನನ್ನೇ ಮಾಡಿ ನೋಡಿದೆ. ಬಣ್ಣಕ್ಕೆ ನೀರು ಹೆಚ್ಚಾಗಿ ಸ್ಟೆನ್ಸಿಲ್ ಕೆಳಗೆ ನುಗ್ಗಿತು, ಮೂರು ಕತ್ತಿಯೂ ಒನಕೆಯಷ್ಟು ದಪ್ಪವಾದವು. ಆರು ಹಾಳೆ ಹಾಳಾಯಿತು. ಬಣ್ಣ ಗಟ್ಟಿ ಮೊಸರಿನ ಹಾಗಿರಬೇಕು. ಮಣೆಯ ಅದೇ ಮೂಲೆಗೆ ಒತ್ತಿ ಹೊಸ 10×12 ಇಂಚಿನ ಬಿಳಿ ಹಾಳೆ, ಅದರ ಮೇಲೆ ಸ್ಟೆನ್ಸಿಲ್ ಇಡಿ. ಸ್ಪಂಜಿನ ತುಂಡನ್ನು ಬಣ್ಣದಲ್ಲಿ ಅದ್ದಿ, ಹಳೆ ಪೇಪರ್ ಮೇಲೆ ನಾಲ್ಕು ಸಲ ತಟ್ಟಿ, ಆಮೇಲೆ ಸ್ಟೆನ್ಸಿಲ್ ಮೇಲೆ ನೇರವಾಗಿ ಮೇಲಿಂದ ತಟ್ಟಿ. ಉಜ್ಜಬೇಡಿ. ಅಂಚಿನಿಂದ ಒಳಕ್ಕೆ ಬನ್ನಿ. ಮೊದಲು ಹಳದಿ, ಆಮೇಲೆ ಕೆಂಪು, ಕೊನೆಗೆ ಕಪ್ಪು. ಒಂದು ಪೂರ್ತಿ ಒಣಗದೆ ಇನ್ನೊಂದಕ್ಕೆ ಹೋಗಬೇಡಿ.

ನಮ್ಮ ಬಿಸಿಲಿನಲ್ಲಿ ಬಟ್ಟಲಿನ ಬಣ್ಣ ಬೇಗ ಕೆನೆಗಟ್ಟುತ್ತದೆ. ಏಪ್ರಿಲ್‌ನಲ್ಲಿ ಬೆಳಗ್ಗೆ ಆರಕ್ಕೇ ಕೂರಿ, ಬಟ್ಟಲಿಗೆ ಒದ್ದೆ ಬಟ್ಟೆ ಮುಚ್ಚಿ. ಫ್ಯಾನ್ ಆಫ್ ಮಾಡಿ, ಗಾಳಿಗೆ ಸ್ಟೆನ್ಸಿಲ್ ಎದ್ದರೆ ಗೆರೆ ಹೋಯಿತು.

ಅಚ್ಚು ಬಂದ ಮೇಲೆ ಏನೋ ಕಳೆದುಕೊಂಡ ಹಾಗೆ ಅನಿಸಬಹುದು. ಅಂಟಿಸಿದ ತುಂಡಿಗೆ ದಪ್ಪ ಇತ್ತು, ನೆರಳಿತ್ತು. ಅಚ್ಚು ಚಪ್ಪಟೆ. ಮಾಟಿಸ್‌ಗೂ ಇದೇ ಬೇಜಾರಾಗಿತ್ತು. ನನಗೆ ಮಾತ್ರ ಚಪ್ಪಟೆಯೇ ಇಷ್ಟ. ಅದರಲ್ಲಿ ಬಣ್ಣಕ್ಕೆ ಬಣ್ಣ ತಾಗುವ ಜಾಗ ಚೆನ್ನಾಗಿ ಕಾಣುತ್ತದೆ.

ಒಂದೇ ಸ್ಟೆನ್ಸಿಲ್‌ನಿಂದ ನಾನು 12 ಅಚ್ಚು ತೆಗೆದೆ. ಚಿತ್ರದ ಕೆಳಗೆ ಎಡಕ್ಕೆ 1/12, 2/12 ಅಂತ ಪೆನ್ಸಿಲ್‌ನಲ್ಲಿ ಬರೆಯಿರಿ, ಬಲಕ್ಕೆ ಸಹಿ ಹಾಕಿ. ಮೊದಲನೆಯದನ್ನು ಅಮ್ಮನಿಗೆ ಕೊಟ್ಟೆ. ಅವಳು ತುಂಬಾ ಹೊತ್ತು ಹುಡುಗಿಯ ಪಾದವನ್ನೇ ನೋಡುತ್ತಾ ಕೂತಿದ್ದಳು.