ಉಪ್ಪುನೀರಿನ ಅಕ್ವೇರಿಯಂಗೆ ಫಿಲ್ಟರ್: ನಮ್ಮ ಕರಾವಳಿಗೆ ಒಗ್ಗುವುದನ್ನು ಆರಿಸುವುದು ಹೇಗೆ?

ಕಡಲ ಮೀನಿನ ತೊಟ್ಟಿಗೆ ಫಿಲ್ಟರ್ ಕೊಳ್ಳಲು ಹೋದಾಗ ಡಬ್ಬಿಯ ಮೇಲೆ ಕಾಣುವುದು ಲೀಟರಿನ ಲೆಕ್ಕ. ಏಪ್ರಿಲ್, ಮೇ ತಿಂಗಳ ಸೆಕೆಯಾಗಲಿ, ಜೂನ್, ಜುಲೈಯ ಗಾಳಿಮಳೆಗೆ ಮರ ಬಿದ್ದು ತಂತಿ ಕಡಿದು ಗಂಟೆಗಟ್ಟಲೆ ಕರೆಂಟು ಬಾರದಿರುವುದಾಗಲಿ ಆ ಲೆಕ್ಕದಲ್ಲಿ ಸೇರಿರುವುದಿಲ್ಲ. ಈ ಎರಡೂ ನೀರಿನ ಆಮ್ಲಜನಕವನ್ನೇ ಕಸಿಯುವುದರಿಂದ, ಮಂಗಳೂರು, ಉಡುಪಿಯಲ್ಲಿ ತೊಟ್ಟಿ ಇಡುವವರು ಯಾವ ಉಪಕರಣವನ್ನು ನೋಡಿದರೂ ಕರೆಂಟು ಹೋದ ಮೇಲೆ ಅದರೊಳಗೆ ಏನಾಗುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡು, ದರವನ್ನು ಆಮೇಲೆ ವಿಚಾರಿಸಬೇಕು.

ಮೀನು ಕಿವಿರುಗಳಿಂದ ಹೊರಬಿಡುವ ಅಮೋನಿಯಾ ಮತ್ತು ಉಳಿದ ಆಹಾರ ಕೊಳೆತು ಹುಟ್ಟುವ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟಾಗಿ, ಬಳಿಕ ಅಷ್ಟೇನೂ ವಿಷವಲ್ಲದ ನೈಟ್ರೇಟಾಗಿ ಮಾರ್ಪಡಿಸುತ್ತವೆ. ಕಡಲ ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರ ಗುಣದ ಅಳತೆ, ಸುಮಾರು 8.2 ಇರುತ್ತದೆ, ಪಿಎಚ್ ಮತ್ತು ಉಷ್ಣತೆ ಏರಿದಷ್ಟೂ ಅಮೋನಿಯಾ ಹೆಚ್ಚು ವಿಷಕಾರಿ ರೂಪದಲ್ಲಿರುತ್ತದೆ. ಮೀನಿಗೂ ಈ ಬ್ಯಾಕ್ಟೀರಿಯಾಗಳಿಗೂ ಬೇಕಾದ ಆಮ್ಲಜನಕವಾದರೋ 25 ಡಿಗ್ರಿಯ ಸಿಹಿನೀರಿನಲ್ಲಿ ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಕರಗಿದರೆ ಅದೇ ಉಷ್ಣತೆಯ ಕಡಲ ನೀರಿನಲ್ಲಿ 6.7 ಮಿಲಿಗ್ರಾಂ ಮಾತ್ರ ಕರಗುತ್ತದೆ, 30 ಡಿಗ್ರಿಯಲ್ಲಿ ಅದು ಇನ್ನೂ ಇಳಿಯುತ್ತದೆ. ಮುಂದಿನ ಆಯ್ಕೆಗಳೆಲ್ಲ ಈ ಸಂಖ್ಯೆಗಳನ್ನೇ ಅವಲಂಬಿಸಿವೆ.

ಮೊದಲು ಅಳತೆ, ನಂತರ ನೀರು

ತೊಟ್ಟಿಯ ಉದ್ದ, ಅಗಲ, ಎತ್ತರಗಳನ್ನು ಅಡಿಗಳಲ್ಲಿ ಗುಣಿಸಿ, ಬಂದ ಘನ ಅಡಿಯನ್ನು 28.3ರಿಂದ ಗುಣಿಸಿದರೆ ಲೀಟರು ಸಿಗುತ್ತದೆ. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಸುಮಾರು 255 ಲೀಟರಿನದು. ಈ ಲೇಖನದ ಲೆಕ್ಕಗಳೆಲ್ಲ ಇದೇ ತೊಟ್ಟಿಯವು. ಹೊಸಬರು 100 ಲೀಟರಿಗಿಂತ ಚಿಕ್ಕದಕ್ಕೆ ಕೈಹಾಕದಿರುವುದು ಒಳ್ಳೆಯದು, ಏಕೆಂದರೆ ನೀರು ಕಡಿಮೆಯಾದಷ್ಟೂ ತಪ್ಪು ತಿದ್ದಿಕೊಳ್ಳಲು ಸಿಗುವ ಸಮಯವೂ ಕಡಿಮೆ.

ಕಡಲು ಹತ್ತಿರವಿದೆ ಎಂದು ಪಣಂಬೂರಿನಿಂದಲೋ ಮಲ್ಪೆಯಿಂದಲೋ ಕ್ಯಾನಿನಲ್ಲಿ ನೀರು ತರುವ ಆಸೆ ಸಹಜ. ಆದರೆ ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ, ಸ್ವರ್ಣಾ, ಸೀತಾ ನದಿಗಳ ಸಿಹಿನೀರು ಅಳಿವೆಗಳ ಮೂಲಕ ಕೆಸರಿನ ಸಮೇತ ಕಡಲು ಸೇರುವುದರಿಂದ ದಡದ ನೀರಿನ ಲವಣಾಂಶ ಕುಸಿಯುತ್ತದೆ, ದಕ್ಕೆಯ ಸುತ್ತಮುತ್ತ ಡೀಸೆಲಿನ ಅಂಶವೂ ಇರುತ್ತದೆ. ಅಕ್ವೇರಿಯಂಗೆಂದೇ ಮಾರುವ ಉಪ್ಪನ್ನು ಶುದ್ಧ ನೀರಿನಲ್ಲಿ ಕರಗಿಸಿ ಲೀಟರಿಗೆ 35 ಗ್ರಾಂ ಲವಣಾಂಶಕ್ಕೆ, ಅಂದರೆ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿಗೆ ತರುವುದೇ ಭರವಸೆಯ ದಾರಿ. ತುಂಬೆ ಅಥವಾ ಬಜೆ ಅಣೆಕಟ್ಟಿನಿಂದ ಬರುವ ನಳ್ಳಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಮುರಕಲ್ಲಿನ ಬಾವಿಯ ನೀರು ಬಾಯಿಗೆ ಎಷ್ಟೇ ಸಿಹಿಯಾಗಿದ್ದರೂ ಅದರಲ್ಲಿ ಕಬ್ಬಿಣ, ನೈಟ್ರೇಟ್ ಇರಬಹುದು. ಆದ್ದರಿಂದ ಖರೀದಿಯ ಪಟ್ಟಿಯಲ್ಲಿ ಮೊದಲ ಹೆಸರು ಡಿಐ ಕಾರ್ಟ್ರಿಜ್ (ಉಳಿದ ಲವಣಗಳನ್ನೂ ಹೀರುವ ಕೊಳವೆ) ಜೋಡಿಸಿದ ಆರ್‌ಒ ಘಟಕದ್ದಾಗಿರಲಿ, ಹೊರಬರುವ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣಗಳ ಪ್ರಮಾಣ, ಸೊನ್ನೆಯ ಹತ್ತಿರವಿರಲಿ. ಅಡುಗೆಮನೆಯ ಆರ್‌ಒ ಯಂತ್ರಗಳಲ್ಲಿ ಅನೇಕವು ರುಚಿಗಾಗಿ ಲವಣಗಳನ್ನು ಮತ್ತೆ ಬೆರೆಸುವುದರಿಂದ ಅವುಗಳ ನೀರು ಈ ಕೆಲಸಕ್ಕೆ ಆಗುವುದಿಲ್ಲ.

ಕಲ್ಲೇ ದೊಡ್ಡ ಫಿಲ್ಟರ್

ಬ್ಯಾಕ್ಟೀರಿಯಾಗಳಿಗೆ ಮನೆಯಾಗುವುದು ಸಣ್ಣ ಸಣ್ಣ ರಂಧ್ರಗಳಿರುವ ಕಲ್ಲು. ಅದರ ಹೊರಮೈಯಲ್ಲಿ ಅಮೋನಿಯಾ ನೈಟ್ರೇಟಾಗಿ ಬದಲಾದರೆ, ಆಮ್ಲಜನಕ ತಲುಪದ ಒಳಭಾಗದಲ್ಲಿ ನೈಟ್ರೇಟು ಸಾರಜನಕ ಅನಿಲವಾಗಿ ಹೊರಹೋಗುತ್ತದೆ. ಇದಕ್ಕಾಗಿ ನೇತ್ರಾಣಿ ದ್ವೀಪದಿಂದಾಗಲಿ ಬೇರೆಲ್ಲಿಂದಾಗಲಿ ಹವಳದ ಕಲ್ಲನ್ನು ತರಲೇಬಾರದು. ಬಂಡೆ ಕಟ್ಟುವ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಸತ್ತ ಹವಳದ ತುಂಡನ್ನು ಒಯ್ಯುವುದೂ ಅಪರಾಧ. ಅಂಗಡಿಗಳಲ್ಲಿ ಸಿಗುವ ಸೆರಾಮಿಕ್ ಕಲ್ಲು ಸಾಕಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ನೀರು ಎಲ್ಲ ಸಂದುಗಳಲ್ಲೂ ಹರಿಯುವಂತೆ ಸಡಿಲವಾಗಿ ಜೋಡಿಸಿ, ಹಿಂಬದಿಯ ಗಾಜಿಗೆ ತಾಗಿಸಬೇಡಿ.

ಕ್ಯಾನಿಸ್ಟರೋ, ಸಂಪೋ?

ಖರ್ಚು ಮಾಡುವ ಮುನ್ನ ಹೆಚ್ಚು ಯೋಚಿಸಬೇಕಾದದ್ದು ಇಲ್ಲಿ. ಕ್ಯಾನಿಸ್ಟರ್ ಫಿಲ್ಟರ್ ಅಚ್ಚುಕಟ್ಟಾದದ್ದು, ಸದ್ದಿಲ್ಲದ್ದು; ಸಿಹಿನೀರಿನ ಗಿಡಗಳ ತೊಟ್ಟಿಗೆ ಬಹಳ ಒಪ್ಪುತ್ತದೆ. ಆದರೆ ಅದು ಗಾಳಿಯಾಡದ ಮುಚ್ಚಿದ ಡಬ್ಬಿ. ಕರೆಂಟು ಹೋಗಿ ನೀರು ನಿಂತರೆ ಒಳಗಿನ ಬ್ಯಾಕ್ಟೀರಿಯಾಗಳು ಇದ್ದಷ್ಟು ಆಮ್ಲಜನಕವನ್ನು ಮುಗಿಸಿ ಉಸಿರುಗಟ್ಟಲು ತೊಡಗುತ್ತವೆ, ಕೆಲವು ಗಂಟೆಗಳ ಬಳಿಕ ಕರೆಂಟು ಬಂದಾಗ ಆ ಕೊಳೆತ ನೀರು ನೇರ ಮೀನಿರುವ ತೊಟ್ಟಿಗೆ ಬೀಳುತ್ತದೆ. ಜುಲೈ ತಿಂಗಳ ಬೆಳಗಿನ ಜಾವ ಇದು ನಡೆದರೆ ಮನೆಯವರಿಗೆ ಎಚ್ಚರವೂ ಆಗುವುದಿಲ್ಲ.

ಸಂಪ್ ಎಂದರೆ ತೊಟ್ಟಿಯ ಕೆಳಗೆ ಕಪಾಟಿನಲ್ಲಿ ಕೂರುವ ಎರಡನೆಯ ತೆರೆದ ತೊಟ್ಟಿ. ಮೇಲಿನ ನೀರು ಅಂಚು ದಾಟಿ ಕೊಳವೆಯಲ್ಲಿ ಇಳಿದು, ಅಲ್ಲಿ ಶುದ್ಧಗೊಂಡು ಪಂಪಿನಿಂದ ಮೇಲೇರುತ್ತದೆ. ಬಾಯಿ ತೆರೆದಿರುವುದರಿಂದ ಕರೆಂಟು ಹೋದಾಗಲೂ ಅದರ ನೀರಿಗೆ ಗಾಳಿಯ ಸಂಪರ್ಕ ತಪ್ಪುವುದಿಲ್ಲ, ಒಟ್ಟು ನೀರಿನ ಪ್ರಮಾಣವೂ ಹೆಚ್ಚುತ್ತದೆ. ಜಾಗ ಮತ್ತು ಹಣ ಅನುಮತಿಸಿದರೆ ನಮ್ಮ ಕರಾವಳಿಗೆ ಸಂಪೇ ಸರಿ ಎಂದು ನಿಸ್ಸಂಕೋಚವಾಗಿ ಹೇಳಬಹುದು.

ಸಂಪಿನ ಗಾತ್ರ ತೊಟ್ಟಿಯ ಕಾಲು ಭಾಗಕ್ಕಿಂತ ಕಡಿಮೆ ಬೇಡ. ಪಂಪು ನಿಂತೊಡನೆ ಮೇಲಿನ ನೀರು ಅಂಚಿನ ಮಟ್ಟದವರೆಗೂ, ಮೇಲೇರುವ ಕೊಳವೆಯ ಬಾಯಿ ಮುಳುಗಿದ್ದರೆ ಅದರ ಮೂಲಕ ಇನ್ನೂ ಕೆಳಗಿನವರೆಗೂ ಇಳಿದು ಬರುತ್ತದೆ. ನಮ್ಮ 4 ಅಡಿಯ ತೊಟ್ಟಿಯಲ್ಲಿ ಒಂದು ಇಂಚು ನೀರೆಂದರೆ ಸುಮಾರು 14 ಲೀಟರು. ಎರಡು ಇಂಚು ಇಳಿದರೆ 28 ಲೀಟರು, ಕೊಳವೆಗಳಲ್ಲಿರುವುದು ಬೇರೆ. ಅಷ್ಟೂ ಹಿಡಿಸುವ ಖಾಲಿ ಜಾಗ ಸಂಪಿನಲ್ಲಿ ಸದಾ ಇರಬೇಕು. ಹಿಂಹರಿವು ತಡೆಯುವ ವಾಲ್ವನ್ನು ನಂಬಿ ಈ ಜಾಗವನ್ನು ಕಡಿತ ಮಾಡಬೇಡಿ, ಪಾಚಿಯೋ ಉಪ್ಪೋ ಸಿಕ್ಕಿಕೊಂಡರೆ ಅದು ಮುಚ್ಚುವುದಿಲ್ಲ. ಗಂಟೆಗೆ ತೊಟ್ಟಿಯ ಐದು ಪಟ್ಟು, ಎಂದರೆ ಸುಮಾರು 1,250 ಲೀಟರು ಮೇಲೇರಿದರೆ ಸಾಕು. ಡಬ್ಬಿಯ ಮೇಲಿನ ಸಂಖ್ಯೆ ನೀರನ್ನು ಎತ್ತರಕ್ಕೆ ಏರಿಸದಿದ್ದಾಗಿನದು. ನಾಲ್ಕು ಅಡಿ ಎತ್ತರಕ್ಕೆ ಏರಿಸುವಾಗ ಅದು ಅರ್ಧಕ್ಕೂ ಇಳಿಯಬಹುದಾದ್ದರಿಂದ 2,500 ಲೀಟರಿನ ಪಂಪು ನೋಡಿ. ಪ್ಲಂಬರ್ ಹಿತ್ತಾಳೆಯ ವಾಲ್ವು ಜೋಡಿಸಲು ಬಂದರೆ ಬೇಡವೆನ್ನಿ. ತಾಮ್ರದ ಅಂಶ ಸಿಗಡಿ, ಹವಳದಂಥ ಜೀವಿಗಳಿಗೆ ವಿಷ. ಎಲ್ಲ ಜೋಡಣೆಯೂ ಪಿವಿಸಿಯದೇ ಆಗಲಿ.

ಸ್ಕಿಮ್ಮರ್

ಮಳೆಗಾಲದ ಒರಟು ಕಡಲು ಪಣಂಬೂರಿನ ಮರಳಿನ ಮೇಲೆ ಕಂದುಬಣ್ಣದ ನೊರೆಯನ್ನು ತಂದು ಬಿಡುವಂತೆಯೇ ಪ್ರೋಟೀನ್ ಸ್ಕಿಮ್ಮರ್ ಕೂಡ ಕೆಲಸ ಮಾಡುತ್ತದೆ. ಉಪ್ಪುನೀರಿನಲ್ಲಿ ಗಾಳಿಯ ಗುಳ್ಳೆಗಳು ಒಂದಕ್ಕೊಂದು ಸೇರದೆ ಬಹಳ ಸಣ್ಣದಾಗಿಯೇ ಉಳಿಯುತ್ತವೆ, ಕರಗಿದ ಜಿಡ್ಡು ಮತ್ತು ಪ್ರೋಟೀನುಗಳು ಅವುಗಳ ಮೈಗೆ ಅಂಟಿ ನೊರೆಯಾಗಿ ಮೇಲಿನ ಕಪ್ಪಿಗೆ ಬೀಳುತ್ತವೆ. ಬ್ಯಾಕ್ಟೀರಿಯಾ ಕೊಳೆಯಿಸುವುದಕ್ಕೆ ಮೊದಲೇ ಕರಗಿದ ಕಸವನ್ನು ಹೊರಗೆ ತೆಗೆಯುವುದು ಇದರ ವಿಶೇಷ, ಜೊತೆಗೆ ನೀರಿಗೆ ಧಾರಾಳ ಗಾಳಿಯನ್ನೂ ಬೆರೆಸುತ್ತದೆ. ಸೆಕೆಯ ಊರಿನಲ್ಲಿ ಈ ಎರಡನೆಯ ಉಪಕಾರವೇ ಹೆಚ್ಚಿನದು.

ನಮ್ಮ ತೊಟ್ಟಿಗೆ 400 ಲೀಟರಿಗೆಂದು ಹೇಳಲಾದ ಸ್ಕಿಮ್ಮರ್ ತಂದರೆ ಹೊಂದುತ್ತದೆ. ಅದು ಎಷ್ಟು ಇಂಚು ನೀರಿನಲ್ಲಿ ನಿಲ್ಲಬೇಕೆಂದು ಕೇಳಿ, ಸಂಪಿನಲ್ಲಿ ಮಟ್ಟ ಏರಿಳಿಯದ ಖಾನೆಯನ್ನೇ ಅದಕ್ಕೆ ಮೀಸಲಿಡಿ. ಕಪ್ಪನ್ನು ಮೇಲಕ್ಕೆತ್ತಿ ತೆಗೆಯುವಷ್ಟು ಎತ್ತರ ಕಪಾಟಿಗೆ ಇದೆಯೇ ಎಂದು ಅಳೆದು ನೋಡದೆ ಹಣ ಕೊಡಬೇಡಿ. ಹೊಸ ಸ್ಕಿಮ್ಮರ್ ಸರಿಯಾಗಿ ನೊರೆ ಕಟ್ಟಲು ಕೆಲವು ದಿನ ಬೇಕು. ಗಾಳಿ ಎಳೆಯುವ ಕೊಳವೆಯಲ್ಲಿ ಉಪ್ಪು ಗಟ್ಟಿದರೆ ಬಿಸಿನೀರಿನಿಂದ ತೊಳೆದರಾಯಿತು.

ಉಳಿದವು ಚಿಕ್ಕ ವಿಷಯಗಳು. ನೀರು ಇಳಿಯುವಲ್ಲಿ 200 ಮೈಕ್ರಾನಿನ ಬಟ್ಟೆಚೀಲ ಕಟ್ಟಿ, ಮೂರು ನಾಲ್ಕು ದಿನಕ್ಕೊಮ್ಮೆ ತೊಳೆಯಿರಿ. ತೊಳೆಯಲಾರದವರು ಅದನ್ನು ಕಟ್ಟದಿರುವುದೇ ಲೇಸು. ನೀರು ಹಳದಿಯಾದಾಗ ಆಕ್ಟಿವೇಟೆಡ್ ಕಾರ್ಬನ್ ಬಳಸಿ. ಯುವಿ ದೀಪ ಮೊದಲ ವರ್ಷ ಬೇಕಾಗಿಲ್ಲ.

ಕರೆಂಟು ಮತ್ತು ಸೆಕೆ

ಇನ್ವರ್ಟರಿಗೆ ಇಡೀ ವ್ಯವಸ್ಥೆಯನ್ನು ಜೋಡಿಸಬೇಕಾಗಿಲ್ಲ. ತೊಟ್ಟಿಯೊಳಗಿನ ಒಂದು ವೇವ್‌ಮೇಕರ್ (ನೀರಿನಲ್ಲಿ ಅಲೆ ಎಬ್ಬಿಸುವ ಚಿಕ್ಕ ಪಂಪು) ಮೇಲ್ಮೈಯನ್ನು ಕಲಕುತ್ತಿದ್ದರೆ ಮೀನು ಬದುಕುತ್ತದೆ, ಅದಕ್ಕೆ 10ರಿಂದ 20 ವ್ಯಾಟ್ ಸಾಕು. ಇನ್ವರ್ಟರ್ ಇಲ್ಲದವರು ಬ್ಯಾಟರಿಯ ಏರ್‌ಪಂಪು ಇಟ್ಟುಕೊಳ್ಳಲಿ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ಈ ವಿದ್ಯುತ್ ಸಾಲಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಸೋರಿಕೆಯಾದೊಡನೆ ಕರೆಂಟು ಕಡಿಯುವ ಸ್ವಿಚ್, ಕಡ್ಡಾಯ. ನೀರನ್ನು 25ರಿಂದ 27 ಡಿಗ್ರಿಯಲ್ಲಿಡಲು ಫ್ಯಾನ್ ಒಂದೆರಡು ಡಿಗ್ರಿ ನೆರವಾಗುತ್ತದೆ, ಆದರೆ ಆವಿಯಾದಷ್ಟು ನೀರನ್ನು ಪ್ರತಿದಿನ ಉಪ್ಪಿಲ್ಲದ ಶುದ್ಧ ನೀರಿನಿಂದಲೇ ತುಂಬಬೇಕು. ಹವಳ ಇಡುವ ಯೋಚನೆಯಿದ್ದರೆ ನೀರು ತಂಪಾಗಿಸುವ ಯಂತ್ರವಾದ ಚಿಲ್ಲರಿಗೆ ಈಗಲೇ ಹಣ ತೆಗೆದಿಡಿ. ಅದು ಉಗುಳುವ ಬಿಸಿಗಾಳಿ ಕಪಾಟಿನಿಂದ ಹೊರಹೋಗುವಂತಿರಲಿ.

ಎಲ್ಲವೂ ಕೂತ ಮೇಲೆ ಮೀನು ಬಿಡುವ ಮೊದಲು ಮೇನ್ ಸ್ವಿಚ್ ಆರಿಸಿ ಸಂಪ್ ತುಂಬಿ ಚೆಲ್ಲುತ್ತದೆಯೇ, ಮತ್ತೆ ಹಾಕಿದಾಗ ಸ್ಕಿಮ್ಮರ್ ಉಕ್ಕುತ್ತದೆಯೇ ಎಂದು ನೋಡಿ. ಬಳಿಕ ಅಮೋನಿಯಂ ಕ್ಲೋರೈಡ್ ಸೇರಿಸಿ ಅಮೋನಿಯಾವನ್ನು ಲೀಟರಿಗೆ 2 ಮಿಲಿಗ್ರಾಮಿಗೆ ತಂದು ಬ್ಯಾಕ್ಟೀರಿಯಾಗಳು ಬೆಳೆಯಲು ಬಿಡಿ. ಇದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹಾಕಿದ ಅಮೋನಿಯಾ ಒಂದು ದಿನದೊಳಗೆ ಸೊನ್ನೆಗಿಳಿದು, ನೈಟ್ರೈಟೂ ಸೊನ್ನೆಯಾಗಿ, ನೈಟ್ರೇಟು ಮಾತ್ರ ಉಳಿದಿದ್ದರೆ ಅರ್ಧದಷ್ಟು ನೀರು ಬದಲಿಸಿ ಕಡಲಿನಿಂದ ಹಿಡಿಯದೆ ಸಾಕಣೆಯಲ್ಲೇ ಮರಿಮಾಡಿಸಿದ ಎರಡು ಕ್ಲೌನ್ ಮೀನುಗಳನ್ನು ತನ್ನಿ. ಹೆಚ್ಚಿದ ಹೊರೆಗೆ ತಕ್ಕಂತೆ ಬ್ಯಾಕ್ಟೀರಿಯಾಗಳು ಹೆಚ್ಚಬೇಕಾದ್ದರಿಂದ ಮುಂದಿನ ಮೀನಿಗೆ ಕನಿಷ್ಠ ಎರಡು ವಾರ ಕಾಯಿರಿ, ಆ ಅವಧಿಯಲ್ಲಿ ದಿನ ಬಿಟ್ಟು ದಿನ ಅಮೋನಿಯಾ ಪರೀಕ್ಷಿಸುತ್ತಿರಿ.